ಫೋಟೋ ಸ್ಪರ್ಧೆಗೂ ಒಬ್ಬ ದಿವಾನ ಬೇಕು

ಕಾರ್ಕಳದ ಚತುರ್ಮುಖ ಬಸದಿಯಲ್ಲಿ ನಾನು ತೆಗೆದ ಮೊದಲ ಮೂವತ್ತೆಂಟು ಫೋಟೋಗಳು ಸ್ಪರ್ಧೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಚೌತಿ ರಜೆಗೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಕಲ್ಲಿನ ಕಂಬಗಳೆಲ್ಲ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿದ್ದವು, ಎದುರಿನ ಬಂಡೆಗುಡ್ಡದ ಮೇಲೆ ಗೊಮ್ಮಟ ಅರ್ಧ ಮಂಜಿನಲ್ಲಿ ನಿಂತಿದ್ದ. ಎರಡು ಗಂಟೆ ಸುತ್ತಿದ್ದೇನೆ. ಅಲ್ಲಿದ್ದ ಹಿರಿಯರೊಬ್ಬರು, "ಎಂಥದು ಮಾರಾಯ್ರೆ, ಆಗಿನಿಂದ ಬಾಗಿಲಿನದ್ದೇ ಫೋಟೋ ತೆಗೀತಾ ಇದ್ದೀರಲ್ಲ?" ಅಂತ ಕೇಳಿದರು. "ನಾಲ್ಕು ಬಾಗಿಲು ಉಂಟಲ್ಲ, ನಾಲ್ಕೂ ತೆಗೀಬೇಕು" ಅಂದೆ. ಮನೆಗೆ ಬಂದು ಅಪ್‌ಲೋಡ್ ಮಾಡಿ, ಬಹುಮಾನವೇ ಬಂದವನ ಹಾಗೆ ಊಟ ಮಾಡಿ ಮಲಗಿದೆ.

ವಾರದ ನಂತರ ಬೇರೆ ಯಾವುದೋ ರಾಜ್ಯದ ಸ್ವಯಂಸೇವಕರೊಬ್ಬರ ಸಂದೇಶ ಬಂತು. ಫೋಟೋಗಳು ಚೆನ್ನಾಗಿವೆ, ಆದರೆ ಇದು ಯಾವ ಸ್ಮಾರಕ? ಸ್ಮಾರಕದ ಸಂಖ್ಯೆ ಎಲ್ಲಿ? ನಾನು "ಕಾರ್ಕಳ ಬಸದಿ" ಅಂತ ಬರೆದು ಬಿಟ್ಟಿದ್ದೆ. ಕಾರ್ಕಳದಲ್ಲಿ ಬಸದಿ ಒಂದೇ ಇದೆಯಾ? ಊರಿನವನಾದ ನನಗೆ ಗೊತ್ತಿತ್ತು, ಸಾಲು ಸಾಲು ಬಸದಿಗಳಿವೆ ಅಂತ. ಹಿರಿಯಂಗಡಿಯ ನೇಮಿನಾಥ ಬಸದಿ, ಅದರ ಮುಂದಿನ ಮಾನಸ್ತಂಭ, ಆನೆಕೆರೆಯ ನಡುವಿನ ಬಸದಿ. ದೂರದಲ್ಲಿ ಕೂತು ಪಟ್ಟಿ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು? ದಿನವಿಡೀ ಡೇಟಾಬೇಸ್ ಜೊತೆ ಕೆಲಸ ಮಾಡುವ ನಾನು, ಪ್ರೈಮರಿ ಕೀ ಇಲ್ಲದ ಮೂವತ್ತೆಂಟು ಸಾಲುಗಳನ್ನು ತುಂಬಿಸಿ ಬಂದಿದ್ದೆ.

ಸ್ಪರ್ಧೆಯ ಹೆಸರು ವಿಕಿ ಲವ್ಸ್ ಮಾನ್ಯುಮೆಂಟ್ಸ್. ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ನಿಮ್ಮ ಊರಿನ ಸಂರಕ್ಷಿತ ಸ್ಮಾರಕದ ಫೋಟೋ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಹಾಕಬೇಕು, ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ. ಇದು ಶುರುವಾದದ್ದು 2010ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ಹುಟ್ಟಿದ್ದಕ್ಕೆ ಕಾರಣ ಕ್ಯಾಮೆರಾ ಅಲ್ಲ, ಪಟ್ಟಿ. ಆ ಪುಟ್ಟ ದೇಶದಲ್ಲಿ ಸರಕಾರ ಗುರುತಿಸಿದ ಅರವತ್ತು ಸಾವಿರದಷ್ಟು ಸ್ಮಾರಕಗಳಿವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಸ್ವಯಂಸೇವಕರು ಆ ಪಟ್ಟಿಯನ್ನು ವಿಕಿಪೀಡಿಯಕ್ಕೆ ತಂದರು. ಯಾವ ಸಾಲಿನ ಮುಂದೆ ಫೋಟೋ ಇಲ್ಲವೋ ಅದನ್ನು ತುಂಬಿಸಿ ಅಂತ ಜನರನ್ನು ಕರೆದರು. ಹನ್ನೆರಡು ಸಾವಿರಕ್ಕೂ ಹೆಚ್ಚು ಫೋಟೋ ಬಂದವು. ಮರುವರ್ಷ ಯುರೋಪಿನ 18 ದೇಶಗಳು ಸೇರಿಕೊಂಡವು. 2011ರ ಆ ಸುತ್ತಿಗೆ ಬಂದ 1,68,208 ಫೋಟೋಗಳ ಲೆಕ್ಕ ಜಗತ್ತಿನ ಅತಿ ದೊಡ್ಡ ಫೋಟೋ ಸ್ಪರ್ಧೆ ಅಂತ ಗಿನ್ನೆಸ್ ಪುಸ್ತಕ ಸೇರಿತು. 2012ರಲ್ಲಿ ಯುರೋಪಿನ ಆಚೆಗೂ ಹಬ್ಬಿ, ಮೂರೂವರೆ ಲಕ್ಷ ದಾಟಿತು.

ಭಾರತವೂ ಆ ವರ್ಷ ಕಣದಲ್ಲಿತ್ತು. ಅಂತಾರಾಷ್ಟ್ರೀಯ ಮೊದಲ ಬಹುಮಾನ ಬಂದದ್ದು ದೆಹಲಿಯ ಸಫ್ದರ್‌ಜಂಗ್ ಗೋರಿಯ ಫೋಟೋಗೆ. ಪತ್ರಿಕೆಗಳಲ್ಲಿ ಫೋಟೋ ಬಂತು, ನಾವೆಲ್ಲ ಶೇರ್ ಮಾಡಿ ಹೆಮ್ಮೆಪಟ್ಟೆವು. ಆದರೆ ಆ ಫೋಟೋ ತೀರ್ಪುಗಾರರ ಮುಂದೆ ಹೋಗಬೇಕಾದರೆ ಅದಕ್ಕೂ ಮೊದಲು ಯಾರೋ ಕೂತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮೂರೂವರೆ ಸಾವಿರಕ್ಕೂ ಹೆಚ್ಚು ಸ್ಮಾರಕಗಳ ಪಟ್ಟಿಗೆ ಗುರುತು ಸಂಖ್ಯೆ ಕೊಡಬೇಕಿತ್ತು. ಎನ್ ಅಂದರೆ ರಾಷ್ಟ್ರೀಯ, ಎಸ್ ಅಂದರೆ ರಾಜ್ಯ, ಕೆಎ ಅಂದರೆ ಕರ್ನಾಟಕ, ಕೊನೆಗೆ ಒಂದು ಸಂಖ್ಯೆ. ಆ ಕೆಲಸ ಮಾಡಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ನಮ್ಮ ಜಿಲ್ಲೆಯ ಪಟ್ಟಿಯ ಕಷ್ಟ ಕೇಳಿ. ಉಡುಪಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಳೆಯ ದಾಖಲೆಗಳಲ್ಲೆಲ್ಲ ಕಾರ್ಕಳ ದಕ್ಷಿಣ ಕನ್ನಡದ್ದು, ಇನ್ನೂ ಹಿಂದೆ ಹೋದರೆ ಮದ್ರಾಸ್ ಪ್ರಾಂತದ ಸೌತ್ ಕೆನರಾದ್ದು. ಕಾಪು ತಾಲೂಕಾದದ್ದು ಮೊನ್ನೆ ಮೊನ್ನೆ. ಇಂಗ್ಲಿಷಿನಲ್ಲಿ ಒಬ್ಬರು ಉಡಿಪಿ ಅಂತ ಬರೆದರೆ ಇನ್ನೊಬ್ಬರು ಉಡುಪಿ, ಒಬ್ಬರಿಗೆ ಕಾರ್ಕಲ್, ಇನ್ನೊಬ್ಬರಿಗೆ ಕಾರ್ಕಳ. ಕಾಪುವನ್ನಂತೂ ಕೌಪ್ ಮಾಡಿ ಇಟ್ಟಿದ್ದಾರೆ. ಉಡುಪಿ ಜಿಲ್ಲೆ ಅಂತ ಹುಡುಕಿದರೆ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, ನಲವತ್ತೆರಡು ಅಡಿಯ ಗೊಮ್ಮಟನೂ ಕೈಗೆ ಸಿಗದೆ ಹೋಗಬಹುದು! 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಗೆ ಇನ್ನೊಂದು ಹೆಸರೂ ಇದೆ, ತ್ರಿಭುವನ ತಿಲಕ ಚೈತ್ಯಾಲಯ. ಇಷ್ಟನ್ನೆಲ್ಲ ತಿಳಿದ ಒಬ್ಬರು ಪಟ್ಟಿಯ ಪಕ್ಕದಲ್ಲಿ ಕೂತರೆ ಅರ್ಧ ದಿನದ ಕೆಲಸ. ಇಲ್ಲವಾದರೆ ಮೂರು ವರ್ಷ ತಪ್ಪು ತಪ್ಪಾಗಿಯೇ ನಡೆಯುತ್ತದೆ.

ಸಂಖ್ಯೆಯೇ ಇಲ್ಲದ ಜಾಗಗಳ ಕತೆ ಬೇರೆ. ಕಾಪುವಿನ ದೀಪಸ್ತಂಭ 1901ರದ್ದು, ನಾವು ಮಕ್ಕಳಿದ್ದಾಗಿನಿಂದ ಹತ್ತಿ ಇಳಿದದ್ದು. ಸಂರಕ್ಷಿತ ಸ್ಮಾರಕಗಳ ಪಟ್ಟಿ ಹಿಡಿದು ಹೋದರೆ ಅದು ಸಿಗುವುದಿಲ್ಲ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಶಿಲೆಗಳನ್ನು ಭೂವಿಜ್ಞಾನ ಸರ್ವೇಕ್ಷಣ ಇಲಾಖೆ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಆದರೆ ಪುರಾತತ್ವದವರ ಪಟ್ಟಿ ಬೇರೆ, ಭೂವಿಜ್ಞಾನದವರ ಪಟ್ಟಿ ಬೇರೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೋಡಿದ್ದೀರಾ? ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಒಂದೊಂದೇ ಮರ, ಒಂದೊಂದೇ ಕಂಬ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕಾರ್ಕಳದ ಹತ್ತಿರದ ಮಿಯಾರಿನ ಮನೆ ಈಗ ಅಲ್ಲಿದೆ. ಈಗ ಹೇಳಿ, ಫೋಟೋದಲ್ಲಿ ಜಾಗ ಯಾವುದು ಅಂತ ಬರೆಯುವುದು, ಮಿಯಾರೋ ಮಣಿಪಾಲವೋ? ಮೊಬೈಲಿನ ಜಿಪಿಎಸ್ ಮಣಿಪಾಲ ಅನ್ನುತ್ತದೆ. ಎರಡನ್ನೂ ಬರೆಯಬೇಕು ಅನ್ನುವುದು ಗೊತ್ತಿರುವವರು ಹೇಳಿಕೊಟ್ಟರೆ ಮಾತ್ರ ಗೊತ್ತಾಗುತ್ತದೆ.

ಈ ಹೇಳಿಕೊಡುವ ಕೆಲಸಕ್ಕೆ ಒಂದು ಚರಿತ್ರೆ ಇದೆ. ವಿಕಿ ಲವ್ಸ್ ಮಾನ್ಯುಮೆಂಟ್ಸ್‌ಗೆ ಒಂದು ಕೇಂದ್ರ ಕಚೇರಿ, ಅಲ್ಲೊಬ್ಬ ಬಾಸ್ ಅಂತ ಇಲ್ಲ. ಪ್ರತಿ ದೇಶದ ಸ್ವಯಂಸೇವಕರು ತಮ್ಮ ಸ್ಪರ್ಧೆ ತಾವೇ ನಡೆಸಿ, ಹೆಚ್ಚೆಂದರೆ ಹತ್ತು ಫೋಟೋ ಆರಿಸಿ ಅಂತಾರಾಷ್ಟ್ರೀಯ ತೀರ್ಪುಗಾರರಿಗೆ ಕಳಿಸುತ್ತಾರೆ. ಹಾಗಾಗಿ ಒಂದು ದೇಶ ಕಲಿತದ್ದನ್ನು ಇನ್ನೊಂದಕ್ಕೆ ದಾಟಿಸದಿದ್ದರೆ ಪ್ರತಿ ದೇಶವೂ ಅದೇ ಗುಂಡಿಗೆ ಬೀಳಬೇಕು. ಇಟಲಿಯವರ ಪಾಡು ನೋಡಿ: ಅವರ ಪರಂಪರೆ ಕಾನೂನಿನ ಪ್ರಕಾರ ಎಷ್ಟೋ ಶತಮಾನದ ಹಿಂದಿನ ಕಟ್ಟಡದ ಫೋಟೋವನ್ನೂ ವಾಣಿಜ್ಯಕ್ಕೆ ಬಳಸಲು ಅನುಮತಿ ಬೇಕು. ಅಲ್ಲಿನ ಸಂಘಟಕರು ಒಂದೊಂದೇ ಪುರಸಭೆಗೆ, ಮಾಲೀಕರಿಗೆ ಪತ್ರ ಬರೆದು, ಒಪ್ಪಿಗೆ ಸಿಕ್ಕಿದ ಸ್ಮಾರಕಗಳನ್ನಷ್ಟೇ ಪಟ್ಟಿಗೆ ಹಾಕುತ್ತಾರೆ. ಒಂದು ತಿಂಗಳ ಸ್ಪರ್ಧೆಗೆ ವರ್ಷವಿಡೀ ಪತ್ರ.

ನಮ್ಮಲ್ಲಿ ಅಷ್ಟು ಕಷ್ಟ ಇಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡಗಳ ಫೋಟೋ ತೆಗೆದು ಹಂಚಬಹುದು. ಸಾರ್ವಜನಿಕ ಜಾಗದಲ್ಲಿ ಕಾಯಮ್ಮಾಗಿರುವ ಶಿಲ್ಪಗಳದ್ದೂ ಹಾಗೇ. ಆದರೆ ಗೋಡೆಯ ಮೇಲಿನ ಹೊಸ ಚಿತ್ರಕ್ಕೆ ಈ ರಿಯಾಯಿತಿ ಇಲ್ಲ. ಕಲಾವಿದರು ನಿನ್ನೆ ಬರೆದ ದೊಡ್ಡ ಬಣ್ಣದ ಚಿತ್ರದ ಮುಂದೆ ನಿಂತು ಫೋಟೋ ತೆಗೆದು ಹಾಕಿದರೆ ಅದು ಅಳಿಸಿಹೋಗುತ್ತದೆ, ಹೊಸಬರು ಸಿಟ್ಟಾಗಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಈ ಸ್ಪರ್ಧೆಗೆ ಫೋಟೋ ಹಾಕುವವರಲ್ಲಿ ಬಹುಪಾಲು ಜನ ಜೀವನದಲ್ಲೇ ಮೊದಲ ಬಾರಿ ವಿಕಿಗೆ ಬಂದವರು. ಮೊದಲ ದಿನವೇ ಕೆಂಪು ಅಕ್ಷರದ ನೋಟಿಸು ಕಂಡರೆ ಯಾರು ನಿಲ್ಲುತ್ತಾರೆ?

ಭಾರತದ ವಿಕಿ ಬಳಗಗಳಲ್ಲಿ ಕಲಿಸುವವರಿಗೇ ಕಲಿಸುವ ಶಿಬಿರ, ಟ್ರೈನ್ ದ ಟ್ರೈನರ್ ಅಂತ, 2013ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಸೆಂಟರ್ ಫಾರ್ ಇಂಟರ್ನೆಟ್ ಆಂಡ್ ಸೊಸೈಟಿಯ ತಂಡ ಅದನ್ನು ನಡೆಸಿತು. ನಮ್ಮ ಕಡೆ ಕರಾವಳಿ ವಿಕಿಮೀಡಿಯನ್ಸ್ ಬಳಗ ಕಟ್ಟಿಕೊಂಡಿತು. ವರ್ಷಗಟ್ಟಲೆ ಮೊಳಕೆಯ ಹಂತದಲ್ಲೇ ಇದ್ದ ತುಳು ವಿಕಿಪೀಡಿಯ 2016ರಲ್ಲಿ ಸ್ವಂತ ಮನೆ ಕಂಡಿತು. ಆ ಹುರುಪಿನಲ್ಲೇ ನಾನೂ ಒಂದು ಭಾನುವಾರ ಮಣಿಪಾಲದಲ್ಲಿ ಹನ್ನೊಂದು ಜನರನ್ನು ಕೂರಿಸಿಕೊಂಡು ತರಬೇತಿ ಅಂತ ಮಾಡಿದೆ. ಕ್ಯಾಮೆರಾದ ಬಗ್ಗೆ ನಾನು ತಯಾರು ಮಾಡಿದ್ದ ಇಪ್ಪತ್ತು ಸ್ಲೈಡು ಯಾರಿಗೂ ಬೇಕಾಗಿರಲಿಲ್ಲ. ಅವರೆಲ್ಲ ನನಗಿಂತ ಚೆನ್ನಾಗಿ ಫೋಟೋ ತೆಗೆಯುವವರು. ಅವರು ಕೇಳಿದ ಪ್ರಶ್ನೆಗಳೇ ಬೇರೆ. ಬಸದಿಯ ಬೀಗದ ಕೈ ಯಾರ ಹತ್ತಿರ? ಟ್ರೈಪಾಡ್ ಇಡಬೇಕಾದರೆ ಅನುಮತಿ ಯಾರಿಗೆ ಬರೆಯಬೇಕು? ಐದು ವರ್ಷದ ಹಿಂದೆ ನಾನೇ ತೆಗೆದ ಫೋಟೋ ಈಗ ಹಾಕಬಹುದಾ? (ಹಾಕಬಹುದು. ತೆಗೆದದ್ದು ಯಾವಾಗಲಾದರೂ ಸರಿ, ಸೆಪ್ಟೆಂಬರಿನಲ್ಲಿ ಹಾಕಬೇಕು ಅಷ್ಟೆ.) ಅಜ್ಜ ತೆಗೆದದ್ದು ಹಾಕಬಹುದಾ? (ಸ್ಪರ್ಧೆಗೆ ಇಲ್ಲ.) ಮಧ್ಯಾಹ್ನದ ಹೊತ್ತಿಗೆ ಸ್ಲೈಡು ಮುಚ್ಚಿಟ್ಟು ಎಲ್ಲರೂ ಸೇರಿ ಒಂದು ಶೀಟ್ ಮಾಡಿದೆವು. ಜಾಗದ ಹೆಸರು, ಅದರ ನಾಲ್ಕು ಸ್ಪೆಲ್ಲಿಂಗು, ಸಂಖ್ಯೆ, ಬೀಗದ ಕೈ ಇರುವ ಮನೆ, ಬೆಳಕು ಯಾವ ಹೊತ್ತಿಗೆ ಚೆನ್ನಾಗಿ ಬೀಳುತ್ತದೆ. ಮೂರು ತಿಂಗಳಲ್ಲಿ ಅದು ನೂರು ಸಾಲು ದಾಟಿತು. ಸಂಖ್ಯೆ ಇಲ್ಲದ ಗುತ್ತಿನ ಮನೆಗಳನ್ನೂ, ಭೂತದ ಸಾನಗಳನ್ನೂ, ಹೆದ್ದಾರಿ ಬದಿಯ ಹಂಚಿನ ಅಂಗಡಿಗಳನ್ನೂ ಸೇರಿಸಿದೆವು. ಇಂದಲ್ಲ ನಾಳೆ ಅವಕ್ಕೂ ಒಂದು ಪಟ್ಟಿ ಆದೀತು ಅಂತ.

ಅದರಲ್ಲಿ ದೊಡ್ಡ ಜಗಳ ಆದದ್ದು ಸಾನಗಳ ಬಗ್ಗೆಯೇ. 2019ರಲ್ಲಿ ವಿಕಿ ಲವ್ಸ್ ಲವ್ ಅಂತ ಶುರುವಾದ ಇನ್ನೊಂದು ಸ್ಪರ್ಧೆ 2020ರಿಂದ ವಿಕಿ ಲವ್ಸ್ ಫೋಕ್‌ಲೋರ್ ಆಯಿತು. ಜಾನಪದದ ಫೋಟೋಗಳಿಗೆ ಮೀಸಲು. ನಮ್ಮ ಕಡೆ ಕೇಳಬೇಕಾ? ಅಷ್ಟಮಿಯ ಹುಲಿವೇಷ, ಆಟಿ ಕಳೆಂಜ, ಯಕ್ಷಗಾನ, ಕಾಪುವಿನಲ್ಲಿ ಎರಡು ವರ್ಷಕ್ಕೊಮ್ಮೆ ಆಗುವ ಪಿಲಿಕೋಲ. ನಾನೂ ಒಂದು ನೇಮದಲ್ಲಿ ಬೆಳಗಿನ ಜಾವದ ತನಕ ಕೂತು ಫೋಟೋ ತೆಗೆದವನೇ. ಮುಖಕ್ಕೆ ಬಣ್ಣ ಬರೆಯುತ್ತಿದ್ದಾಗ ತೆಗೆದ ಒಂದು ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಮರುದಿನ ಕೋಲ ಕಟ್ಟಿದವರಿಗೇ ತೋರಿಸಿದೆ. ಹಿರಿಯರು. ನೋಡಿ ಖುಷಿಪಟ್ಟರು. ಆಮೇಲೆ ಕೇಳಿದರು, "ಇದು ಎಲ್ಲಿಗೆ ಹೋಗ್ತದೆ?"

"ಇಂಟರ್ನೆಟ್ಟಿಗೆ. ಯಾರು ಬೇಕಾದರೂ ಬಳಸಬಹುದು."

"ಯಾರು ಬೇಕಾದರೂ ಅಂದ್ರೆ? ಹೋಟ್ಲಿನವರು ಬೋರ್ಡಿಗೆ ಹಾಕಬಹುದಾ?"

ಹಾಕಬಹುದು. ಪರವಾನಗಿಯೇ ಹಾಗಿದೆ, ವಾಣಿಜ್ಯ ಬಳಕೆಗೂ ಮುಕ್ತ. ಒಮ್ಮೆ ಕೊಟ್ಟ ಮೇಲೆ ವಾಪಸು ಪಡೆಯುವಂತಿಲ್ಲ. ನಾನು ಹಾಗೇ ಹೇಳಿದೆ. "ಬಣ್ಣ ಪೂರಾ ಆದ ಮೇಲಿನದ್ದು ಹಾಕಿ, ಇದು ಬೇಡ" ಅಂದರು. ಬಣ್ಣ ಪೂರ್ತಿಯಾದ ಮೇಲೆ ಅದು ಅವರ ಮುಖ ಅಲ್ಲವಲ್ಲ. ಆ ಫೋಟೋ ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ. ತರಬೇತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, "ಸಾರ್ವಜನಿಕ ಜಾಗದಲ್ಲಿ ಆಗುವುದಲ್ವಾ, ಕಾನೂನು ಬಿಡ್ತದಲ್ಲ?" ಅಂತ ವಾದ ಮಾಡಿದ. ಇರಬಹುದು. ಆದರೂ ಶೀಟಿಗೆ ಒಂದು ಕಾಲಂ ಹೆಚ್ಚಾಯಿತು: ಕೇಳಿದ್ದು ಯಾರನ್ನು, ಅವರು ಏನು ಹೇಳಿದರು.

ಇನ್ನು ನನ್ನ ತಪ್ಪಿನ ಕತೆ. ಶೀಟನ್ನು ನಾನು ಮಾಡಿದ್ದು ಕಂಪನಿಯ ಖಾತೆಯಲ್ಲಿ. ಆ ದಿನ ಅದೇ ತೆರೆದಿತ್ತು, ಆಮೇಲೆ ಬದಲಿಸಿದರಾಯಿತು ಅಂದುಕೊಂಡೆ. ಎರಡು ವರ್ಷದ ಮೇಲೆ ಕೆಲಸ ಬದಲಿಸಿದೆ. ಕೊನೆಯ ತಿಂಗಳು ಪೂರ್ತಿ ಕೆಟಿ ಕೊಟ್ಟೆ. ಯಾವ ಸರ್ವರ್ ಎಲ್ಲಿದೆ, ಯಾವ ಸ್ಕ್ರಿಪ್ಟ್ ರಾತ್ರಿ ಎಷ್ಟು ಗಂಟೆಗೆ ಓಡುತ್ತದೆ, ಹಾಳಾದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದು, ರೆಕಾರ್ಡ್ ಮಾಡಿಸಿ, ಮೂರು ಜನರ ಸಹಿ ಹಾಕಿಸಿಕೊಟ್ಟೆ. ಲ್ಯಾಪ್‌ಟಾಪ್ ವಾಪಸು ಕೊಟ್ಟ ಸಂಜೆ ಖಾತೆ ಮುಚ್ಚಿತು. ಶೀಟೂ ಹೋಯಿತು. ಯಾವನೋ ಗಿರಾಕಿಯ ಬಿಲ್ಲಿಂಗ್ ಸ್ಕ್ರಿಪ್ಟಿಗೆ ಕೆಟಿ ಕೊಟ್ಟವನು ನನ್ನೂರಿನ ಪಟ್ಟಿಗೆ ಕೊಟ್ಟಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಯಾರೂ ಸೇರಲಿಲ್ಲ. ಆ ನಡುವೆ ಪಟ್ಟಿಯಲ್ಲಿದ್ದ ಒಂದು ಗುತ್ತಿನ ಮನೆ ಕೆಡವಿಸಿಕೊಂಡಿತು. ನಮ್ಮ ಹನ್ನೊಂದು ಜನರಲ್ಲಿ ಯಾರೋ ಅದರ ಚಾವಡಿಯ ಕಂಬಗಳ ಫೋಟೋ ತೆಗೆದಿದ್ದರು. ಯಾರು, ಎಂದು, ಯಾವ ಫೋಲ್ಡರ್, ಅದೆಲ್ಲ ಇದ್ದದ್ದು ಆ ಶೀಟಿನಲ್ಲೇ.

ಇದನ್ನು ಬೇಸರದಿಂದ ಹೇಳುತ್ತಿದ್ದಾಗ ಉಡುಪಿಯ ರಥಬೀದಿಯವರೊಬ್ಬರು, "ಮಠದವರನ್ನು ನೋಡಿ ಕಲೀರಿ ಮಾರಾಯ" ಅಂದರು. ತಮಾಷೆಗೆ ಅಂದದ್ದು, ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಧ್ವರ ಕಾಲದಲ್ಲಿ ಅಷ್ಟಮಠಗಳಿಗೆ ಕೃಷ್ಣನ ಪೂಜೆ ಎರಡೆರಡು ತಿಂಗಳ ಸರದಿಯಲ್ಲಿ ಬರುತ್ತಿತ್ತು. ಅದನ್ನು ಎರಡು ವರ್ಷದ ಪರ್ಯಾಯ ಮಾಡಿದವರು ಸೋದೆಯ ವಾದಿರಾಜರು, 1522ರಲ್ಲಿ ಅನ್ನುತ್ತಾರೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಎಂಟು ಮಠ, ಎರಡೆರಡು ವರ್ಷ. ಅಂದರೆ ಒಂದು ಮಠಕ್ಕೆ ಸರದಿ ಮತ್ತೆ ಬರುವುದು ಹದಿನಾರು ವರ್ಷಕ್ಕೆ! ಕಳೆದ ಸಲ ಓಡಾಡಿದ ಯುವಕರಿಗೆ ಈ ಸಲ ತಲೆ ನರೆತಿರುತ್ತದೆ. ಕೆಲವರು ಇರುವುದೇ ಇಲ್ಲ. ಸ್ವಾಮಿಗಳೇ ಬದಲಾಗಿರಬಹುದು. ನಮ್ಮ ಐಟಿಯಲ್ಲಿ ಹದಿನಾರು ತಿಂಗಳು ಬಿಟ್ಟ ಪ್ರಾಜೆಕ್ಟನ್ನು ಯಾರಾದರೂ ಮತ್ತೆ ಎಬ್ಬಿಸಿದ್ದು ನೋಡಿದ್ದೀರಾ?

ಆದರೂ ದಿನಕ್ಕೆ ಸಾವಿರಾರು ಜನರ ಊಟ ಮೊದಲ ದಿನದಿಂದಲೇ ನಡೆಯುತ್ತದೆ. ಹೇಗೆ? ಪರ್ಯಾಯದ ಜನವರಿ 18 ಇನ್ನೂ ಎಷ್ಟೋ ದೂರ ಇರುವಾಗಲೇ ಬಾಳೆ ಮುಹೂರ್ತ ಆಗುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತ. ಹೊರಗಿನಿಂದ ನೋಡುವವರಿಗೆ ನಾಲ್ಕೂ ಪೂಜೆಗಳು. ಒಳಗೆ ಹೊಕ್ಕರೆ ಒಂದೊಂದೂ ಒಂದು ಗಡುವು. ಎಲೆಗೆ ಬಾಳೆ ಈಗ ನೆಡದಿದ್ದರೆ ಆಗ ಇಲ್ಲ. ಹಸಿ ಕಟ್ಟಿಗೆ ಒಲೆಗೆ ಆಗುವುದಿಲ್ಲ, ಒಣಗಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಮಧ್ವಸರೋವರದ ಬದಿಯಲ್ಲಿ ರಥದ ಆಕಾರದಲ್ಲಿ ಒಟ್ಟಿಡುತ್ತಾರೆ. ನಾನು ಚಿಕ್ಕಂದಿನಲ್ಲಿ ಅದನ್ನು ಅಲಂಕಾರ ಅಂದುಕೊಂಡಿದ್ದೆ! ಸರದಿ ಮುಗಿಸುವವರು ಬರುವವರ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಎಲ್ಲರ ಮುಂದೆ ಕೊಡುತ್ತಾರೆ. ಇಲ್ಲಿಯವರೆಗೆ ಯಾರು, ಇಲ್ಲಿಂದ ಯಾರು ಅನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಪ್ರತಿ ಮಠಕ್ಕೂ ದಿವಾನರಿರುತ್ತಾರೆ. ಯಾವ ಊರಿನಿಂದ ಎಷ್ಟು ಬಾಳೆಗೊನೆ, ಯಾವ ಅಡುಗೆಯವರಿಗೆ ಯಾರು ಹೇಳಿಕಳಿಸಬೇಕು, ಅದೆಲ್ಲ ಅವರ ಲೆಕ್ಕ.

ಮಠದ ವ್ಯವಸ್ಥೆಯಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. ಯಾರು ಎಲ್ಲಿ ಕೂತು ಊಟ ಮಾಡಬೇಕು ಅನ್ನುವುದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಆದ ಚರ್ಚೆ ನಿಮಗೂ ಗೊತ್ತು. ಹದಿನಾರು ವರ್ಷ ನೆನಪು ಉಳಿಸಿಕೊಳ್ಳುವ ಉಪಾಯ ಮಾತ್ರ ನನಗೆ ಬೇಕಾಗಿತ್ತು. ಸ್ವಯಂಸೇವಕರಿಗೆ ಸಂಬಳ ಇಲ್ಲ, ಹಾಗಾಗಿ ಹಿಡಿದು ಇಟ್ಟುಕೊಳ್ಳುವಂತೆಯೂ ಇಲ್ಲ. ಮದುವೆ ಆಗುತ್ತದೆ, ಮಗು ಆಗುತ್ತದೆ, ಆನ್‌ಸೈಟ್ ಬರುತ್ತದೆ. ಅವರು ಹೋಗುತ್ತಾರೆ ಅಂತಲೇ ತಿಳಿದು ಲೆಕ್ಕ ಇಡಬೇಕು.

ಇದೇ ಮಾತಿಗೆ ಇನ್ನೊಂದು ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಹಳೆಯ ಫೋಟೋಗಳನ್ನು ಈಗ ಅವರ ದಾಖಲೆ ಸಂಗ್ರಹದಲ್ಲಿ ಕಂಪ್ಯೂಟರಿನಲ್ಲೇ ನೋಡಬಹುದು. ನಮ್ಮ ಜಿಲ್ಲೆಯವೂ ಇವೆ. ಒಂದು ರಜೆಯಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುವಿಹಾಕುತ್ತಿದ್ದೆ. ಊರು, ವರ್ಷ ಬರೆದಿರುವ ಫೋಟೋ ಬಂದಾಗ ಅಮ್ಮ ಬಗ್ಗಿ ನೋಡಿ, "ಇದು ಇಂಥಲ್ಲಿ ಇರಬೇಕು, ಆ ಗುಡ್ಡ ನೋಡು" ಅನ್ನುತ್ತಿದ್ದರು. ಹೆಸರಿಲ್ಲದ್ದು ಬಂದರೆ, "ಯಾವುದೋ ಮನೆ" ಅಂದು ಮುಂದಿನದ್ದು ಕೇಳುತ್ತಿದ್ದರು.

ಶೀಟನ್ನು ಮತ್ತೆ ಮಾಡಿದ್ದೇವೆ. ಈ ಸಲ ಯಾರ ಖಾಸಗಿ ಖಾತೆಯಲ್ಲೂ ಇಲ್ಲ. ವಿಕಿಯ ಪುಟದಲ್ಲೇ ಎಲ್ಲರಿಗೂ ಕಾಣುವ ಹಾಗೆ ಇದೆ. ಫೋನ್ ನಂಬರುಗಳನ್ನು ಮಾತ್ರ ಬೇರೆ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದಿಟ್ಟಿದ್ದೇವೆ, ಮಠದ ಲೆಕ್ಕದ ಪುಸ್ತಕದ ಹಾಗೆ. ಅದು ಎರಡು ವರ್ಷಕ್ಕೊಮ್ಮೆ ಕೈ ಬದಲಿಸುತ್ತದೆ. ಹೊಸಬರು ಒಂದು ಸೆಪ್ಟೆಂಬರ್ ಹಳಬರ ಜೊತೆ ಓಡಾಡಬೇಕು, ಮುಂದಿನ ಸೆಪ್ಟೆಂಬರಿನಲ್ಲಿ ಹಳಬರು ಬಾಯಿ ಮುಚ್ಚಿಕೊಂಡು ಹಿಂದೆ ಕೂರಬೇಕು. ಎರಡನೆಯದು ನನಗೆ ತುಂಬಾ ಕಷ್ಟ. ಮೊದಲ ಶೀಟಿನಲ್ಲಿದ್ದ ಸಾಲುಗಳಲ್ಲಿ ಅರುವತ್ತರಷ್ಟು ನೆನಪಿನಿಂದ ವಾಪಸು ಬಂದಿವೆ.

ಮೊನ್ನೆ ಅವುಗಳಲ್ಲೊಂದು ಮನೆಯ ಯಜಮಾನರು ಫೋನ್ ಮಾಡಿದ್ದರು. "ತೆಂಕಿನ ಬದಿಯ ಮಾಡು ಬಿಚ್ಚಲಿಕ್ಕುಂಟು, ಸೋರ್ತದೆ. ನಿಮಗೆ ಫೋಟೋ ತೆಗೀಲಿಕ್ಕಿದ್ದರೆ ಅದಕ್ಕೂ ಮೊದಲು ಬನ್ನಿ" ಅಂದರು. ಶುಕ್ರವಾರ ರಾತ್ರಿಯ ಬಸ್ಸಿಗೆ ಎರಡು ಸೀಟು ಮಾಡಿಸಿದ್ದೇನೆ. ಒಂದು ನನಗೆ, ಇನ್ನೊಂದು ಈ ವರ್ಷ ಪುಸ್ತಕ ವಹಿಸಿಕೊಂಡಿರುವ ಹುಡುಗನಿಗೆ. ಫೋಟೋ ಅವನೇ ತೆಗೆಯುತ್ತಾನೆ.